ರೋಗಿಗಳಿಗಾಗಿ ಬರೆದ ದೇವರು

ಯುರೋಪಿನ ಹೆಸರಾಂತ ಧಾರ್ಮಿಕ ಚಿತ್ರಗಳಲ್ಲಿ ಬಹುಪಾಲು ಅರಸರ, ಧರ್ಮಾಧಿಕಾರಿಗಳ ಅಥವಾ ಹಣವಂತ ವರ್ತಕರ ಆಸರೆಯಲ್ಲಿ ಹುಟ್ಟಿದವು. ಅವುಗಳಲ್ಲಿ ಭಕ್ತಿಯ ಜೊತೆಗೆ ಅಂತಸ್ತಿನ ಪ್ರದರ್ಶನವೂ ಸೇರಿಕೊಂಡಿರುತ್ತದೆ. ಫ್ರಾನ್ಸಿನ ಅಲ್ಸಾಸ್ ಸೀಮೆಯ ಕೋಲ್ಮಾರ್ ಪಟ್ಟಣದಲ್ಲಿರುವ ಐಸೆನ್‌ಹೈಮ್ ಬಲಿಪೀಠಫಲಕವು ಈ ಸಾಲಿನಲ್ಲಿ ಬೇರೆಯಾಗಿ ನಿಲ್ಲುತ್ತದೆ, ಏಕೆಂದರೆ ಅದರ ಎದುರಿಗೆ ಮೊದಲು ಬಂದು ಕುಳಿತವರಲ್ಲಿ ಕೈಕಾಲು ಕೊಳೆಯುತ್ತಿದ್ದ ಬಡ ರೋಗಿಗಳಿದ್ದರು. ಬಲಿಪೀಠಫಲಕವೆಂದರೆ ಇಗರ್ಜಿಯಲ್ಲಿ ಪೂಜೆ ನಡೆಯುವ ಪೀಠದ ಹಿಂದೆ ನಿಲ್ಲಿಸುವ, ಬಾಗಿಲುಗಳಂತೆ ತೆರೆದು ಮುಚ್ಚಬಹುದಾದ ಚಿತ್ರಿತ ಹಲಗೆಗಳ ಜೋಡಣೆ. ಇದರ ಒಳಗಿನ ಮರದ ಶಿಲ್ಪಗಳನ್ನು 1490ರ ಸುಮಾರಿಗೆ ನಿಕೋಲಸ್ ಹಾಗೆನಾವರ್ ಕೆತ್ತಿದನೆಂದು ವಿದ್ವಾಂಸರು ಹೇಳುತ್ತಾರೆ. ಹಲಗೆಗಳ ಮೇಲಿನ ಚಿತ್ರಗಳನ್ನು 1512ರಿಂದ 1516ರ ನಡುವೆ ಬರೆದವನು ಮಥಿಯಾಸ್ ಗ್ರೂನೆವಾಲ್ಡ್.

ಕೋಲ್ಮಾರ್‌ನ ದಕ್ಷಿಣಕ್ಕಿರುವ ಐಸೆನ್‌ಹೈಮ್ ಎಂಬ ಹಳ್ಳಿಯಲ್ಲಿ ಅಂತೋಣಿ ಪಂಥದ ಸನ್ಯಾಸಿಗಳ ಮಠವಿತ್ತು. ಈ ಅಂತೋಣಿ ಮೈಸೂರು ಸೀಮೆಯ ಡೋರ್ನಹಳ್ಳಿಯಲ್ಲಿ ಭಕ್ತರು ಹರಕೆ ಹೊರುವ ಪದುವಾದ ಸಂತನಲ್ಲ, ಅವನಿಗಿಂತ ಎಷ್ಟೋ ಶತಮಾನ ಹಿಂದೆ ಈಜಿಪ್ಟಿನ ಮರುಭೂಮಿಯಲ್ಲಿ ತಪಸ್ಸು ಮಾಡಿದ ಹಿರಿಯ. ಅವನ ಹೆಸರಿನ ಸನ್ಯಾಸಿಗಳು ವಿಶೇಷವಾಗಿ ಆರೈಕೆ ಮಾಡುತ್ತಿದ್ದುದು ‘ಸಂತ ಅಂತೋಣಿಯ ಬೆಂಕಿ’ ಎಂದು ಜನ ಹೆದರುತ್ತಿದ್ದ ಕಾಯಿಲೆಯವರನ್ನು. ರೈ ಎಂಬ ಧಾನ್ಯದ ತೆನೆಯಲ್ಲಿ ಎರ್ಗಾಟ್ ಎಂಬ ಶಿಲೀಂಧ್ರ ಬೆಳೆದು, ಕಾಳಿನ ಜಾಗದಲ್ಲಿ ಕಪ್ಪು ಕೊಂಬಿನಂತಹ ಗಡ್ಡೆ ಮೂಡುತ್ತದೆ. ಅದು ಹಿಟ್ಟಿನಲ್ಲಿ ಬೆರೆತು ಹೊಟ್ಟೆ ಸೇರಿದರೆ ರಕ್ತನಾಳಗಳು ಬಿಗಿದುಕೊಂಡು, ಕೈಕಾಲು ಉರಿಯೆದ್ದು, ಕಡೆಗೆ ಕಪ್ಪಾಗಿ ಕಳಚಿ ಬೀಳುತ್ತವೆ. ಕೆಲವರಿಗೆ ಸೆಳವೂ ಭ್ರಮೆಯೂ ಕಾಣಿಸಿಕೊಳ್ಳುತ್ತವೆ. ಕಾರಣ ತಿಳಿಯದ ಸನ್ಯಾಸಿಗಳು ಸಂತನ ಅಸ್ಥಿಯ ಮೇಲೆ ಸುರಿದ ದ್ರಾಕ್ಷಾರಸವನ್ನು ರೋಗಿಗಳಿಗೆ ಕುಡಿಸುತ್ತಿದ್ದರು, ಕೊಳೆತ ಅಂಗಗಳನ್ನು ಕತ್ತರಿಸುತ್ತಿದ್ದರು, ಜೊತೆಗೆ ಒಳ್ಳೆಯ ರೊಟ್ಟಿಯನ್ನೂ ಕೊಡುತ್ತಿದ್ದರು. ವಿಷದ ಧಾನ್ಯ ತಪ್ಪಿದ್ದರಿಂದಲೇ ಕೆಲವರು ಗುಣವಾಗಿ ಹೋದರೂ ಅದರ ಕೀರ್ತಿಯೆಲ್ಲ ಸಂತನ ಪಾಲಾಯಿತು.

ಸಾಮಾನ್ಯ ದಿನಗಳಲ್ಲಿ ಮುಚ್ಚಿರುತ್ತಿದ್ದ ಹಲಗೆಗಳ ಹೊರಮೈಯಲ್ಲಿ ರೋಗಿಗೆ ಕಾಣುತ್ತಿದ್ದುದು ಸುಮಾರು 3 ಮೀಟರ್ ಅಗಲದ ಶಿಲುಬೆಯ ದೃಶ್ಯ. ಕತ್ತಲು ಕವಿದ ಬಯಲಿನಲ್ಲಿ ಯೇಸುವಿನ ದೇಹ ತನ್ನ ಭಾರಕ್ಕೆ ತಾನೇ ಜೋತುಬಿದ್ದಿದೆ. ಮೈಬಣ್ಣ ಹಸಿರುಗಟ್ಟಿದೆ, ಮೈತುಂಬ ಮುಳ್ಳಿನ ಚೂರುಗಳು ನಾಟಿದ ಹುಣ್ಣುಗಳಿವೆ, ಮೊಳೆ ಬಡಿದ ಅಂಗೈಗಳ ಬೆರಳುಗಳು ಸೆಟೆದು ಆಕಾಶಕ್ಕೆ ಚಾಚಿವೆ, ಪಾದಗಳು ಊದಿ ನೀಲಿಗಟ್ಟಿವೆ. ಒಂದು ಬದಿಯಲ್ಲಿ ಬಿಳಿಯುಡುಗೆಯ ತಾಯಿ ಮರಿಯಳು ಮೂರ್ಛೆ ಹೋಗುತ್ತಿದ್ದರೆ, ಇನ್ನೊಂದು ಬದಿಯಲ್ಲಿ ಸ್ನಾನಿಕ ಯೋಹಾನನು ಉದ್ದನೆಯ ಬೆರಳಿನಿಂದ ಆ ದೇಹವನ್ನು ತೋರಿಸುತ್ತಾನೆ. ಯೋಹಾನನ ಶಿರಚ್ಛೇದವು ಶಿಲುಬೆಗಿಂತ ಮುಂಚೆಯೇ ಆಗಿಹೋಗಿತ್ತೆಂಬುದು ಚಿತ್ರಕಾರನಿಗೆ ಗೊತ್ತಿಲ್ಲದ ಸಂಗತಿಯಲ್ಲ. ಕಾಲದ ಲೆಕ್ಕಕ್ಕಿಂತ ನೋಡುಗನ ದೃಷ್ಟಿಯನ್ನು ಆ ಹುಣ್ಣುಗಳ ಕಡೆಗೆ ತಿರುಗಿಸುವುದು ಅವನಿಗೆ ಮುಖ್ಯವಾಗಿತ್ತು.

ಈ ಸಾಲುಗಳ ಲೇಖಕನು ಕೋಲ್ಮಾರ್‌ಗೆ ಹೋದದ್ದು ಕಲಾಭಿಮಾನದಿಂದಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ನೆಲೆಸಿದ ಮಗಳ ಮನೆಗೆ ಹೋದ ನಿವೃತ್ತ ತಂದೆಯರು ಮಾಡುವಂತೆ, ಹತ್ತಿರದ ಊರುಗಳನ್ನು ರೈಲಿನಲ್ಲಿ ಸುತ್ತುವ ಹವ್ಯಾಸ ಹಿಡಿದು, ಬಣ್ಣದ ಮರದ ಮನೆಗಳ ಚೆಲುವಿಗೆ ಹೆಸರಾದ ಆ ಪಟ್ಟಣಕ್ಕೆ ಹೋಗಿ, ಮಳೆ ಹಿಡಿದುಕೊಂಡದ್ದರಿಂದ ಊಂಟರ್‌ಲಿಂಡೆನ್ ಸಂಗ್ರಹಾಲಯದೊಳಗೆ ನುಗ್ಗಿದವನು ಆತ. ಆದರೆ ಆ ಊದಿದ ಪಾದಗಳ ಎದುರಿಗೆ ಆತನಿಗೆ ನೆನಪಾದದ್ದು ತನ್ನ ತಂದೆಯ ಕಾಲು. ಸಕ್ಕರೆ ಕಾಯಿಲೆಯಿಂದ ಬೆರಳಿನಲ್ಲಿ ಶುರುವಾದ ಗ್ಯಾಂಗ್ರೀನ್, ಅಂದರೆ ರಕ್ತ ಹರಿಯದೆ ಅಂಗ ಸಾಯುವ ಸ್ಥಿತಿ, ಮೇಲೇರುತ್ತ ಹೋಗಿ ಕಾಲನ್ನು ಮಂಡಿಯ ಕೆಳಗೆ ತೆಗೆಯಬೇಕಾಗಿ ಬಂದಿತ್ತು. ನೆಂಟರು ಬಂದಾಗ ಮನೆಯವರು ಆ ಕಾಲಿನ ಮೇಲೆ ದುಪ್ಪಟಿ ಎಳೆಯುತ್ತಿದ್ದರು, ಕೇಳಿದವರಿಗೆ ಸಣ್ಣ ಗಾಯವೆನ್ನುತ್ತಿದ್ದರು. ದೇವರ ಮುಂದೆ ಹಚ್ಚಿದ ಊದುಬತ್ತಿಗೆ ಗಾಯದ ವಾಸನೆಯನ್ನು ಮುಚ್ಚುವ ಕೆಲಸವೂ ಬಿದ್ದಿತ್ತು. ಆ ಕೋಣೆಯ ಗೋಡೆಗಳ ಮೇಲೆ ಕ್ಯಾಲೆಂಡರಿನ ದೇವದೇವಿಯರು ಸಾಲಾಗಿ ನಗುತ್ತಿದ್ದರು, ಅವರಲ್ಲಿ ಒಬ್ಬರ ಮೈಮೇಲೂ ಒಂದು ಗೀರು ಇರಲಿಲ್ಲ.

ಕನ್ನಡ ನಾಡಿನ ಭಕ್ತಿಗೆ ಗಾಯವೂ ರೋಗವೂ ಅಪರಿಚಿತವೆಂದು ಇದರ ಅರ್ಥವಲ್ಲ. ಸಿಡುಬು ಬಂದ ಮನೆಗೆ ಮಾರಮ್ಮನೇ ಬಂದಳೆಂದು ನಂಬಿ ಬೇವಿನ ಸೊಪ್ಪು ಕಟ್ಟಿ, ಮೊಸರನ್ನದಿಂದ ತಂಪು ಮಾಡಿ, ಅತಿಥಿಯನ್ನು ಬೀಳ್ಕೊಡುವಂತೆ ಆಕೆಯನ್ನು ಊರಾಚೆ ಕಳಿಸಿಕೊಟ್ಟ ಜನರಿವರು. 1954ರ ‘ಬೇಡರ ಕಣ್ಣಪ್ಪ’ ಚಿತ್ರವನ್ನು ನೋಡಿದವರಿಗೆ ಕಣ್ಣಲ್ಲಿ ರಕ್ತ ಸುರಿಸುವ ಶಿವನೂ ಗೊತ್ತು. ಆದರೆ ಮಾರಮ್ಮ ರೋಗವನ್ನು ತರುವವಳು, ಕಳೆಯುವವಳು, ತಾನೇ ನರಳುವವಳಲ್ಲ. ಶಿವನ ಕಣ್ಣಿನ ರಕ್ತವಾದರೋ ಭಕ್ತನ ಪರೀಕ್ಷೆಗೆಂದು ಹರಿದು, ಪರೀಕ್ಷೆ ಮುಗಿದೊಡನೆ ನಿಲ್ಲುತ್ತದೆ. ಗ್ರೂನೆವಾಲ್ಡನ ದೇವರು ಪರೀಕ್ಷೆ ಮಾಡುತ್ತಿಲ್ಲ, ಆ ಕ್ಷಣದಲ್ಲಿ ಯಾರನ್ನೂ ಗುಣಪಡಿಸುತ್ತಲೂ ಇಲ್ಲ. ಆಸ್ಪತ್ರೆಯ ಪಕ್ಕದ ಹಾಸಿಗೆಯ ರೋಗಿಯಂತೆ ಸುಮ್ಮನೆ ಜೊತೆಗಿದ್ದಾನೆ. ಕ್ರೈಸ್ತನಲ್ಲದ, ಆ ಕಥೆಯಲ್ಲಿ ನಂಬಿಕೆಯ ಪಾಲಿಲ್ಲದ ಒಬ್ಬ ಪ್ರವಾಸಿಯ ಕಣ್ಣು ಅಲ್ಲಿ ತುಂಬಿ ಬಂದದ್ದಕ್ಕೆ ಧರ್ಮಶಾಸ್ತ್ರದ ವಿವರಣೆ ಬೇಕಿಲ್ಲ: ತಂದೆಯ ಮನೆಯಲ್ಲಿ ದುಪ್ಪಟಿಯ ಕೆಳಗೆ ಮುಚ್ಚಿಟ್ಟದ್ದನ್ನು ಇಲ್ಲಿ ಪೂಜೆಯ ಜಾಗದಲ್ಲಿ, ಎಲ್ಲರ ಎದುರಿಗೆ, ತೆರೆದಿಟ್ಟಿದ್ದರು.

ಚಿತ್ರಕಾರನು ರೋಗಿಯನ್ನು ಅಲ್ಲಿಗೇ ಬಿಡುವುದಿಲ್ಲ. ಹಬ್ಬದ ದಿನಗಳಲ್ಲಿ ಹೊರಗಿನ ಹಲಗೆಗಳನ್ನು ತೆರೆದರೆ ಹಾಡುವ ದೇವದೂತರೂ ಮಗುವನ್ನು ಎತ್ತಿಕೊಂಡ ಮರಿಯಳೂ ಕಾಣುತ್ತಿದ್ದರು, ಬಲತುದಿಯಲ್ಲಿ ಪುನರುತ್ಥಾನದ ಯೇಸು ಕಿತ್ತಳೆ ಬಣ್ಣದ ಪ್ರಭೆಯೊಳಗೆ ಮೇಲೇಳುತ್ತಿದ್ದನು. ಮುಂಚಿನ ಹುಣ್ಣುಗಳೆಲ್ಲ ಮಾಯವಾಗಿ ಅವನ ಮೈ ನುಣುಪಾಗಿದೆ. ಇನ್ನೂ ಒಂದು ಪದರ ತೆರೆದರೆ ನಡುವೆ ಅಂತೋಣಿಯ ಶಿಲ್ಪ, ಅದರ ಪಕ್ಕದಲ್ಲಿ ದೆವ್ವಗಳು ಅವನನ್ನು ಎಳೆದಾಡುವ ಚಿತ್ರ. ಆ ಚಿತ್ರದ ಎಡಮೂಲೆಯಲ್ಲಿ ಹೊಟ್ಟೆ ಊದಿ, ಮೈಯೆಲ್ಲ ಬೊಕ್ಕೆಯೆದ್ದ ಒಬ್ಬ ರೋಗಿ ಬಿದ್ದಿದ್ದಾನೆ. ಬಲಮೂಲೆಯಲ್ಲಿ, ಇಷ್ಟು ಹೊತ್ತು ಎಲ್ಲಿದ್ದೆಯೆಂದು ಯೇಸುವನ್ನೇ ಕೇಳುವ ಲ್ಯಾಟಿನ್ ಬರಹದ ಚೀಟಿಯೊಂದಿದೆ. ಮಠದವರು ಆ ದೂರನ್ನು ಅಳಿಸದೆ ಬಲಿಪೀಠದ ಮೇಲೆಯೇ ಉಳಿಸಿಕೊಂಡರು.

ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಮಠದ ಆಸ್ತಿ ಸರ್ಕಾರದ ವಶವಾದಾಗ ಈ ಫಲಕಗಳು ಕೋಲ್ಮಾರ್‌ಗೆ ಬಂದು, 1853ರಲ್ಲಿ ಹಳೆಯ ಡೊಮಿನಿಕನ್ ಸನ್ಯಾಸಿನಿಯರ ಮಠದಲ್ಲಿ ಆರಂಭವಾದ ಸಂಗ್ರಹಾಲಯವನ್ನು ಸೇರಿದವು. ಎರ್ಗಾಟ್ ಶಿಲೀಂಧ್ರದ ಜೀವನಚಕ್ರವನ್ನು ಫ್ರಾನ್ಸಿನ ಸಸ್ಯವಿಜ್ಞಾನಿ ಟುಲಾನ್ ವಿವರಿಸಿದ್ದೂ ಅದೇ ವರ್ಷ. ಮೊದಲ ಮಹಾಯುದ್ಧದ ವೇಳೆ ಅಲ್ಸಾಸ್ ಜರ್ಮನಿಯ ಕೈಯಲ್ಲಿದ್ದುದರಿಂದ 1917ರಲ್ಲಿ ಫಲಕಗಳನ್ನು ರಕ್ಷಣೆಗೆಂದು ಮ್ಯೂನಿಕ್‌ಗೆ ಒಯ್ದರು. ಅಲ್ಲಿ ಅವುಗಳನ್ನು ಪ್ರದರ್ಶನಕ್ಕಿಟ್ಟಾಗ ಯುದ್ಧದಲ್ಲಿ ನೊಂದ ಜನ ಗುಂಪುಗುಂಪಾಗಿ ಬಂದು ನೋಡಿದರು. 1919ರಲ್ಲಿ ಅವು ಕೋಲ್ಮಾರ್‌ಗೆ ಮರಳಿದವು.

ಇಷ್ಟರಲ್ಲಿ ಎರ್ಗಾಟ್‌ನ ವಿಷವೂ ಬೇರೆ ದಾರಿ ಹಿಡಿದಿತ್ತು. ಕೋಲ್ಮಾರ್‌ನಿಂದ ರೈಲಿನಲ್ಲಿ ಹೆಚ್ಚು ದೂರವಲ್ಲದ ಬಾಸೆಲ್‌ನಲ್ಲಿ, ಸ್ಯಾಂಡೋಜ್ ಕಂಪನಿಯ ಪ್ರಯೋಗಾಲಯದಲ್ಲಿ, ಆರ್ಥರ್ ಸ್ಟೋಲ್ 1918ರಲ್ಲಿ ಎರ್ಗಾಟ್‌ನಿಂದ ಎರ್ಗೋಟಮೈನ್ ಎಂಬ ಔಷಧವನ್ನು ಬೇರ್ಪಡಿಸಿದರು. ಅದು ಮುಂದೆ ಅರೆತಲೆನೋವಿಗೆ ಬಳಕೆಯಾಯಿತು. ಅದೇ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಹಾಫ್‌ಮನ್ 1938ರಲ್ಲಿ ಎರ್ಗಾಟ್‌ನ ಅಂಶದಿಂದಲೇ, ಭ್ರಮೆ ಹುಟ್ಟಿಸುವ ಎಲ್‌ಎಸ್‌ಡಿಯನ್ನು ತಯಾರಿಸಿದರು. ರಕ್ತನಾಳವನ್ನು ಬಿಗಿದು ಕಾಲನ್ನು ಕೊಲ್ಲುತ್ತಿದ್ದ ಎರ್ಗಾಟ್‌ನ ಸಾರದಿಂದಲೇ ಹೆರಿಗೆಯ ನಂತರದ ರಕ್ತಸ್ರಾವವನ್ನು ನಿಲ್ಲಿಸುವ ಮದ್ದುಗಳೂ ಬಂದವು; ಕರ್ನಾಟಕದ ಹೆರಿಗೆ ಆಸ್ಪತ್ರೆಗಳ ದಾದಿಯರಿಗೆ ಮೆಥರ್ಜಿನ್ ಹೆಸರಿನ ಚುಚ್ಚುಮದ್ದು ಹೊಸದಲ್ಲ. ರೋಗದ ಕಾರಣ ತಿಳಿದಂತೆ ಸಂತ ಅಂತೋಣಿಯ ಬೆಂಕಿ ಆರಿತು, ಅದಕ್ಕಾಗಿ ಬರೆದ ಚಿತ್ರಕ್ಕೆ ಮಾತ್ರ ಕೆಲಸ ಮುಗಿಯಲಿಲ್ಲ.

ಈಗ ಸಂಗ್ರಹಾಲಯದಲ್ಲಿ ಹಲಗೆಗಳನ್ನು ಬಿಡಿಸಿ, ಹಿಂದುಮುಂದು ಎಲ್ಲವೂ ಕಾಣುವಂತೆ ಬೇರೆ ಬೇರೆಯಾಗಿ ನಿಲ್ಲಿಸಿದ್ದಾರೆ. ನೋಡಲು ಇದು ಅನುಕೂಲವಾದರೂ, ಪುನರುತ್ಥಾನದ ಬೆಳಕಿಗಾಗಿ ರೋಗಿಯು ಹಬ್ಬದವರೆಗೆ ಕಾಯಬೇಕಾಗಿದ್ದ ಆ ಕಟ್ಟು ಇದರಿಂದ ತಪ್ಪಿಹೋಗಿದೆ; ಎಲ್ಲವನ್ನೂ ಒಂದೇ ಸುತ್ತಿನಲ್ಲಿ ನೋಡಿ ಮುಗಿಸುವ ಪ್ರವಾಸಿಗೆ ಸಮಾಧಾನ ತೀರ ಅಗ್ಗವಾಗಿ ಸಿಗುತ್ತದೆ. ಆದ್ದರಿಂದ ಕೋಲ್ಮಾರ್‌ಗೆ ಹೋಗುವ ಓದುಗರು ಮೊದಲು ಶಿಲುಬೆಯ ಎದುರಿಗೇ ಕುಳಿತು, ಕ್ಯಾಮೆರಾವನ್ನು ಚೀಲದಲ್ಲಿಟ್ಟು, ತಮ್ಮ ಮನೆಯಲ್ಲಿ ನರಳಿದವರೊಬ್ಬರನ್ನು ನೆನೆದು, ಅನಂತರ ಹಿಂದಿನ ಫಲಕಗಳ ಕಡೆಗೆ ಹೋಗುವುದು ಒಳ್ಳೆಯದು.