ಒಂದು ಚಕ್ರ ತಿರುಗಿತು, ಇನ್ನೊಂದು ಸುಮ್ಮನಿತ್ತು

2022ರ ಆಗಸ್ಟ್ ತಿಂಗಳ ಒಂದು ರಾತ್ರಿ. ಸಂಡೂರಿನಿಂದ ಆರು ಕಿಲೋಮೀಟರ್ ದೂರದ ನಮ್ಮ ಹೊಲದ ಮನೆಯಲ್ಲಿ ಅವ್ವನಿಗೆ ಉಸಿರು ಸಿಗದ ಹಾಗಾಯ್ತು. ಮೊದಲಿಂದಲೂ ಆಸ್ತಮಾ ಇದೆ. ಆದರೆ ಅವತ್ತಿನ ಉಬ್ಬಸ ಬೇರೆ ಥರ ಇತ್ತು. ನಾನು ವರ್ಕ್ ಫ್ರಮ್ ಹೋಮ್ ಅಂತ ಊರಿಗೆ ಬಂದಿದ್ದೆ. ಅವ್ವನನ್ನು ಅಪ್ಪನ ಹಳೇ ಮಹೀಂದ್ರ ಜೀಪಿಗೆ ಹತ್ತಿಸಿ ಹೊಸಪೇಟೆ ಕಡೆಗೆ ಹೊರಟೆವು. ಸ್ಟೇರಿಂಗ್ ಹಿಡಿದವನು ನಾನು.

ಹೊಲ ದಾಟಿ ಟಾರು ರಸ್ತೆ ಸೇರುವುದಕ್ಕೆ ಮೊದಲು ಒಂದು ಸಣ್ಣ ಹಳ್ಳ ಸಿಗುತ್ತೆ. ನಮ್ಮ ಕಡೆ ಮಣ್ಣು ನಿಮಗೆ ಗೊತ್ತಲ್ಲ, ಅದಿರು ಬೆರೆತ ಕೆಂಪು ಮಣ್ಣು. ಬೇಸಿಗೆಯಲ್ಲಿ ಪೌಡರು, ಮಳೆಗಾಲದಲ್ಲಿ ಬೆಣ್ಣೆ. ಹಿಂದಿನ ಎಡ ಚಕ್ರ ಹೂತುಕೊಂಡು ಗಿರ್ರನೆ ತಿರುಗತೊಡಗಿತು. ಬಲ ಚಕ್ರ ಗಟ್ಟಿ ನೆಲದ ಮೇಲೇ ಇತ್ತು, ಅಲುಗಾಡಲಿಲ್ಲ. ಮುಂದಿನ ಗೇರು ಹಾಕಿದರೂ ಅದೇ ಕಥೆ, ಅಲ್ಲಿ ಬಲ ಚಕ್ರ ಜಾರುತ್ತಿತ್ತು. ಅಪ್ಪ ಪಕ್ಕದಿಂದ, “ಬ್ರೇಕ್ ಮ್ಯಾಲೆ ಸ್ವಲ್ಪ ಕಾಲಿಡೋ, ಮೆಲ್ಲಗ ಒತ್ತು” ಅಂದರು. ಹೂತ ಗಾಡಿಗೆ ಬ್ರೇಕ್ ಯಾಕೆ? ಇವರಿಗೇನು ಗೊತ್ತು ಅಂತ ಆಕ್ಸಿಲರೇಟರ್ ಇನ್ನೂ ತುಳಿದೆ. ಚಕ್ರ ಆಕ್ಸಲ್‌ವರೆಗೂ ಇಳಿಯಿತು. ಕೊನೆಗೆ ಪಕ್ಕದ ಹೊಲದವರ ಟ್ರ್ಯಾಕ್ಟರ್ ಬಂದು ಎಳೆಯಬೇಕಾಯ್ತು. ನಲವತ್ತು ನಿಮಿಷ ಹೋಯ್ತು. ಹಿಂದಿನ ಸೀಟಿನಲ್ಲಿ ಅವ್ವ ಉಸಿರಿಗಾಗಿ ಒದ್ದಾಡಿದ ಸದ್ದು ಇವತ್ತಿಗೂ ಕಿವಿಯಲ್ಲಿದೆ.

ಆಸ್ಪತ್ರೆಯಲ್ಲಿ ನೆಬ್ಯುಲೈಸರ್ ಹಾಕಿದರು, ಬೆಳಗಾಗುವಷ್ಟರಲ್ಲಿ ಸುಧಾರಿಸಿಕೊಂಡಳು. ನಾನು ಮಾತ್ರ ಇಡೀ ಸಿಟ್ಟನ್ನು ಜೀಪಿನ ಮೇಲೆ ಹಾಕಿದೆ. “ಮಾರಿಬಿಡಪ್ಪ ಇದನ್ನ” ಅಂದೆ. ಅಪ್ಪ ಮಾತಾಡಲಿಲ್ಲ. ಗಣಿ ಜೋರಾಗಿದ್ದ ಕಾಲದಲ್ಲಿ ಸರ್ವೆ ಮಾಡುವವರನ್ನು ಗುಡ್ಡ ಹತ್ತಿಸಿ ನಮ್ಮನ್ನು ಓದಿಸಿದ್ದು ಅದೇ ಜೀಪು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಎಲ್ಲ ಮಾರಿದರು, ಇದೊಂದನ್ನು ಬಿಟ್ಟು.

ಬೆಂಗಳೂರಿಗೆ ಬಂದ ಮೇಲೆ ಅಮೆರಿಕದಲ್ಲಿರುವ ದೊಡ್ಡಪ್ಪನ ಮಗನಿಗೆ ವಿಡಿಯೋ ಕಾಲ್ ಮಾಡಿದೆ. ಅಣ್ಣನಿಗೆ ಹಳೇ ಸ್ಪೋರ್ಟ್ಸ್ ಕಾರುಗಳ ಹುಚ್ಚು, ಎರಡು ಸೀಟಿನ ಒಂದು ಮಾಜ್ದಾ ಮಿಯಾಟಾ ಇಟ್ಟುಕೊಂಡಿದ್ದಾನೆ. ಕಥೆ ಕೇಳಿ ನಕ್ಕ. “ನಿಮ್ಮ ಜೀಪಲ್ಲಿ ಇರೋದು ಓಪನ್ ಡಿಫರೆನ್ಷಿಯಲ್ ಕಣೋ. ನಿನಗೆ ಬೇಕಿರೋದು ಎಲ್‌ಎಸ್‌ಡಿ.”

ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್. ಗಾಡಿ ತಿರುವಿನಲ್ಲಿ ಹೋಗುವಾಗ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಆ ವ್ಯತ್ಯಾಸಕ್ಕೆ ಅವಕಾಶ ಕೊಡುವುದೇ ಡಿಫರೆನ್ಷಿಯಲ್. ನಮ್ಮ ಮೇಸ್ತ್ರಿಗಳು ಸ್ಟಾರ್ ಪಿನಿಯನ್ ಅನ್ನುವ ಸಣ್ಣ ಹಲ್ಲುಚಕ್ರಗಳು ಈ ಕೆಲಸ ಮಾಡುತ್ತವೆ. ತೊಂದರೆ ಏನಪ್ಪಾ ಅಂದ್ರೆ, ಅದು ಎರಡೂ ಚಕ್ರಕ್ಕೆ ಸಮನಾದ ಟಾರ್ಕ್ ಹಂಚುತ್ತೆ. ಕೆಸರಲ್ಲಿರುವ ಚಕ್ರ ಎಷ್ಟು ಕಡಿಮೆ ತಡೆದುಕೊಳ್ಳುತ್ತೋ, ಗಟ್ಟಿ ನೆಲದಲ್ಲಿರುವ ಚಕ್ರಕ್ಕೂ ಅಷ್ಟೇ ಸಿಗುತ್ತೆ. ಎಲ್‌ಎಸ್‌ಡಿಯಲ್ಲಿ ಕ್ಲಚ್ ಪ್ಲೇಟುಗಳನ್ನೋ ಬೇರೆ ಬಗೆಯ ಗೇರುಗಳನ್ನೋ ಇಟ್ಟು, ಒಂದೇ ಚಕ್ರ ಹುಚ್ಚು ಹಿಡಿದಂತೆ ತಿರುಗುವುದನ್ನು ತಡೆಯುತ್ತಾರೆ.

ಅಣ್ಣ ಎಚ್ಚರಿಕೆಯನ್ನೂ ಕೊಟ್ಟ. ಹಳೇ ಗಾಡಿಯಲ್ಲಿ ಎಲ್‌ಎಸ್‌ಡಿ ಇದೆ ಅಂತ ಹೇಳುವವರು ಬಹಳ, ಇರುವುದು ಕಡಿಮೆ. ಹಳೇ ಬಿಎಂಡಬ್ಲ್ಯೂಗಳ ಡಿಫರೆನ್ಷಿಯಲ್ ಮೇಲಿನ ತಗಡಿನಲ್ಲಿ ಗೇರ್ ರೇಶಿಯೋ ಹಿಂದೆ ‘ಎಸ್’ ಅಕ್ಷರ ಇದ್ದರೆ ಎಲ್‌ಎಸ್‌ಡಿ. ಫೋರ್ಡ್ ಆಕ್ಸಲ್‌ಗಳ ತಗಡಿನಲ್ಲಿ ‘3ಎಲ್73’ ಅಂತ ನಡುವೆ ‘ಎಲ್’ ಇರುತ್ತೆ. ಮಿಯಾಟಾದಲ್ಲಿ ಮೊದಲು ವಿಸ್ಕಸ್ ಬಗೆಯದು ಬರುತ್ತಿತ್ತು, 1994ರ ಮಾದರಿಯಿಂದ ಟಾರ್ಸೆನ್ ಅನ್ನುವ ಪೂರ್ತಿ ಗೇರುಗಳದ್ದು ಬಂತು. “ಆದ್ರೆ ತಗಡು ಹೇಳೋದು ಫ್ಯಾಕ್ಟರಿಯಿಂದ ಹೊರಟಾಗ ಒಳಗೇನಿತ್ತು ಅಂತ. ಮೂವತ್ತು ವರ್ಷದಲ್ಲಿ ಯಾರು ಬಿಚ್ಚಿದಾರೆ, ಏನು ಹಾಕಿದಾರೆ ಅಂತ ಅಲ್ಲ. ಕೈಯಲ್ಲಿ ತಿರುಗಿಸಿ ನೋಡು” ಅಂದ.

ತಿರುಗಿಸುವ ವಿಧಾನ ಸುಲಭ. ಹಿಂದಿನ ಎರಡೂ ಚಕ್ರ ಜಾಕ್ ಮೇಲೆತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ, ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ನ್ಯೂಟ್ರಲ್‌ನಲ್ಲಿಟ್ಟು ಒಂದು ಚಕ್ರ ತಿರುಗಿಸಬೇಕು. ಇನ್ನೊಂದು ಉಲ್ಟಾ ತಿರುಗಿದರೆ ಓಪನ್. ಅದೇ ದಿಕ್ಕಿಗೆ ತಿರುಗಿದರೆ ಎಲ್‌ಎಸ್‌ಡಿ ಇರಬಹುದು. ಈ ‘ಇರಬಹುದು’ ಅನ್ನುವ ಪದವನ್ನು ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ.

ಹುಡುಕಾಟ ಶುರುವಾಯ್ತು. ಹಳೇ ವಿಲ್ಲಿಸ್ ಜೀಪುಗಳಿಗೆ ಪವರ್-ಲಾಕ್ ಅನ್ನುವ ಎಲ್‌ಎಸ್‌ಡಿ ಆಯ್ಕೆಯಾಗಿ ಸಿಗುತ್ತಿತ್ತು ಅಂತ ಓದಿದ್ದೆ. ಹೊಸಪೇಟೆಯ ಗುಜರಿಗಳಲ್ಲಿ ಕೇಳಿದೆ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಎರಡು ಶನಿವಾರ ಅಲೆದೆ. ಕ್ರೌನ್ ಪಿನಿಯನ್ ಎಷ್ಟು ಬೇಕಾದರೂ ಇತ್ತು, ಎಲ್‌ಎಸ್‌ಡಿ ಅಂದರೆ ಅಂಗಡಿಯವರು ಮುಖ ನೋಡುತ್ತಿದ್ದರು. ಕೊನೆಗೆ ಮಾರಾಟದ ಆ್ಯಪ್‌ನಲ್ಲಿ ಒಬ್ಬ ಸಿಕ್ಕ. “ರ‍್ಯಾಲಿ ಜೀಪಿನ ಆಕ್ಸಲ್ ಸಾರ್, ಒರಿಜಿನಲ್ ಎಲ್‌ಎಸ್‌ಡಿ.” ಹೋಗಿ ಚಕ್ರ ತಿರುಗಿಸಿದೆ. ಇನ್ನೊಂದೂ ಅದೇ ದಿಕ್ಕಿಗೆ ತಿರುಗಿತು! ಮೂವತ್ತೆಂಟು ಸಾವಿರ ಕೊಟ್ಟು ಟೆಂಪೋದಲ್ಲಿ ಸಂಡೂರಿಗೆ ಹಾಕಿಸಿದೆ.

ಅಪ್ಪ ಅದರ ಸುತ್ತ ಒಂದು ಸುತ್ತು ಬಂದರು. “ಪಿನಿಯನ್ ಹಿಡದು ನೋಡೀಯೇನು?” ಅಂದರು. ನೋಡಿರಲಿಲ್ಲ. ಪೈಪ್ ರೆಂಚಿನಿಂದ ಪಿನಿಯನ್ ಅಲುಗದ ಹಾಗೆ ನನ್ನ ಕೈಲಿ ಹಿಡಿಸಿ, ತಾವು ಒಂದು ಚಕ್ರಕ್ಕೆ ಉದ್ದನೆ ಸಲಾಕೆ ಹಾಕಿ ಒತ್ತಿದರು. ಕ್ಲಚ್ ಬಗೆಯ ನಿಜವಾದ ಎಲ್‌ಎಸ್‌ಡಿ ಆಗಿದ್ದರೆ ಬಿಗಿಯಾಗಿಯಾದರೂ ಜಾರಬೇಕಿತ್ತು. ಪ್ಲೇಟು ಸವೆದಿದ್ದರೆ ಸಲೀಸಾಗಿ ಜಾರಬೇಕಿತ್ತು. ಇದು ಜಪ್ಪಯ್ಯ ಅನ್ನಲಿಲ್ಲ. ಕವರ್ ಬಿಚ್ಚಿದಾಗ ಕಂಡಿತು: ಯಾರೋ ಸ್ಟಾರ್ ಪಿನಿಯನ್‌ಗಳನ್ನು ಒಂದಕ್ಕೊಂದು ವೆಲ್ಡಿಂಗ್ ಮಾಡಿಬಿಟ್ಟಿದ್ದರು. ಎರಡೂ ಚಕ್ರ ಯಾವಾಗಲೂ ಒಟ್ಟಿಗೇ ತಿರುಗಲೇಬೇಕು. ಕೆಸರಿನಲ್ಲಿ ಚೆನ್ನಾಗಿ ಓಡುತ್ತೆ, ಟಾರು ರಸ್ತೆಯ ತಿರುವಿನಲ್ಲಿ ಟೈರು ಉಜ್ಜುತ್ತೆ, ಆಕ್ಸಲ್ ಮುರಿದರೂ ಮುರಿಯಿತು. ಮಾರಿದವನು ಫೋನ್ ಎತ್ತಲಿಲ್ಲ.

ಅಪ್ಪ ಬೈಯುತ್ತಾರೆ ಅಂತ ಕಾದೆ. “ಇರ್ಲಿ ಬಿಡು, ಹೌಸಿಂಗ್ ಚಲೋ ಐತಿ” ಅಂದರು. ಆ ರಾತ್ರಿ ಮಲಗುವ ಮುಂಚೆ ಕೇಳಿದೆ, “ಅಪ್ಪ, ಅವತ್ತು ಬ್ರೇಕ್ ಒತ್ತು ಅಂದ್ಯಲ್ಲ, ಯಾಕೆ?”

“ಜಾರೋ ಚಕ್ರನ ಬ್ರೇಕ್ ಹಿಡದ್ರ ಜೋರು ಇನ್ನೊಂದಕ್ಕ ಹೋಗತೈತಪಾ. ಗುಡ್ಡದಾಗ ಹಂಗೇ ಮಾಡ್ತಿದ್ವಿ. ಹ್ಯಾಂಡ್‌ಬ್ರೇಕ್ ಎಳದ್ರ ಆಗೂದಿಲ್ಲ, ನಮ್ಮ ಜೀಪಿಂದು ಶಾಫ್ಟ್ ಹಿಡಿತೈತಿ, ಚಕ್ರ ಅಲ್ಲ. ಕಾಲಿಂದು ಬ್ರೇಕ್, ಕೈ ಥ್ರಾಟಲ್.”

ಮರುದಿನ ಅಣ್ಣನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಚಿಕ್ಕಪ್ಪ ಹೇಳಿದ್ದು ಸರಿ ಕಣೋ. ನನ್ನ ಟಾರ್ಸೆನ್‌ಗೂ ಅದೇ ಬೇಕು. ಒಂದು ಚಕ್ರ ಪೂರ್ತಿ ಗಾಳಿಯಲ್ಲಿದ್ರೆ ಅದೂ ಓಪನ್ ಥರಾನೇ. ಬ್ರೇಕ್ ಸ್ವಲ್ಪ ತಾಗಿಸಿದ್ರೆ ಮಾತ್ರ ಹಿಡಿಯುತ್ತೆ” ಅಂದ. ಅಂದರೆ ಅವತ್ತು ನನ್ನ ಕಾಲ ಕೆಳಗೇ ಪರಿಹಾರ ಇತ್ತು, ಒಂದು ಪೆಡಲ್ ಪಕ್ಕದಲ್ಲಿ.

ಹಾಗಂತ ಹುಡುಕಾಟ ಬಿಡಲಿಲ್ಲ, ಆದರೆ ಈ ಸಲ ಅಪ್ಪನೂ ಜೊತೆಗೆ ಬಂದರು. ಮೊದಲು ನಮ್ಮದನ್ನೇ ಬಿಚ್ಚಿ ಹಲ್ಲು ಎಣಿಸಿದೆವು. ಕ್ರೌನ್‌ಗೆ 43, ಪಿನಿಯನ್‌ಗೆ 8, ಭಾಗಿಸಿದರೆ ಸುಮಾರು 5.38. ಆಕ್ಸಲ್ ಶಾಫ್ಟಿನ ತುದಿಯ ಗೀರುಗಳನ್ನೂ, ಅಂದರೆ ಸ್ಪ್ಲೈನ್‌ಗಳನ್ನೂ ಎಣಿಸಿ ಬರೆದುಕೊಂಡೆವು. ಜೀಪುಗಳಿಗೆ ಬರುತ್ತಿದ್ದ ಡಾನಾ 44 ಆಕ್ಸಲ್ ಒಂದರಲ್ಲೇ ಕಾಲಕ್ಕೆ ತಕ್ಕಂತೆ 10, 19, 30 ಸ್ಪ್ಲೈನ್ ಇರುತ್ತವೆ, ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ರೇಶಿಯೋ 3.73ರವರೆಗೆ ಒಂದು ಕೇಸು, 3.92ರಿಂದ ಮೇಲೆ ಇನ್ನೊಂದು ಕೇಸು. ಇಷ್ಟು ಗೊತ್ತಿಲ್ಲದೆ “ಜೀಪಿಗೆ ಎಲ್‌ಎಸ್‌ಡಿ ಇದೆಯಾ” ಅಂತ ಕೇಳಿದರೆ ಅಂಗಡಿಯವರು ಮುಖ ನೋಡದೆ ಇನ್ನೇನು ಮಾಡುತ್ತಾರೆ?

ಎಂಟು ತಿಂಗಳ ಮೇಲೆ ಕೊಯಮತ್ತೂರಿನಲ್ಲಿ ಒಂದು ಸಿಕ್ಕಿತು. ಹಣ ಕೊಡುವ ಮೊದಲು ಅಪ್ಪ ಪಿನಿಯನ್ ಹಿಡಿದರು, ನಾನು ಸಲಾಕೆ ಒತ್ತಿದೆ. ಬಿಗಿಯಾಗಿ, ಒಂದೇ ಸಮನೆ ಜಾರಿತು. ಅಪ್ಪ ತಲೆ ಅಲ್ಲಾಡಿಸಿದರು. ಊರಲ್ಲಿ ಮೇಸ್ತ್ರಿ ಡಯಲ್ ಗೇಜ್ ಇಟ್ಟು ಕ್ರೌನ್ ಪಿನಿಯನ್ ನಡುವಿನ ಸಡಿಲು ಸರಿ ಮಾಡಿದರು. ಕ್ಲಚ್ ಪ್ಲೇಟುಗಳಿಗೆ ಒಗ್ಗುವ ಲಿಮಿಟೆಡ್ ಸ್ಲಿಪ್ ಎಣ್ಣೆಯನ್ನೇ ಹಾಕಿಸಿದೆವು. ಹಿಂದಿನ ಎರಡೂ ಟೈರು ಒಂದೇ ಅಳತೆ, ಒಂದೇ ಸವೆತ ಇರಬೇಕು, ಇಲ್ಲದಿದ್ದರೆ ಪ್ಲೇಟು ಸುಮ್ಮನೆ ತೇಯುತ್ತವೆ ಅಂತ ಟೈರನ್ನೂ ಬದಲಿಸಿದೆವು.

ಮುಂದಿನ ಮಳೆಗಾಲ ಅದೇ ಹಳ್ಳ. ಅಪ್ಪ ಪಕ್ಕದಲ್ಲಿ, ಅವ್ವ ಹಿಂದೆ, ಕೈಚೀಲದಲ್ಲಿ ಇನ್‌ಹೇಲರ್. ಎಡ ಚಕ್ರ ಜಾರತೊಡಗಿತು. ನನ್ನ ಕಾಲು ತಾನಾಗಿಯೇ ಬ್ರೇಕ್ ಮೇಲೆ ಹೋಗಿ ಮೆಲ್ಲಗೆ ಒತ್ತಿತು. ಜೀಪು ಒಮ್ಮೆ ಮುಲುಗಿ ದಡ ಹತ್ತಿತು. ಎಲ್‌ಎಸ್‌ಡಿ ಹಿಡಿಯಿತೋ, ಬ್ರೇಕ್ ಹಿಡಿಯಿತೋ, ಎರಡೂ ಸೇರಿಯೋ!

ಟಾರು ರಸ್ತೆಗೆ ಬಂದ ಮೇಲೆ ಜೀಪು ನಿಲ್ಲಿಸಿದೆ. “ಅವ್ವಾ, ಅವತ್ತು ಅಪ್ಪ ಬ್ರೇಕ್ ಒತ್ತು ಅಂದಿದ್ರು. ನಾನು ಕೇಳ್ಲಿಲ್ಲ. ಅದಕ್ಕೇ ಅಷ್ಟು ಹೊತ್ತಾಯ್ತು” ಅಂದೆ. ಒಂದು ವರ್ಷದಿಂದ ಹೇಳಬೇಕು ಅಂದುಕೊಂಡಿದ್ದ ಮಾತು.

ಅವ್ವ ಸೆರಗಿನಿಂದ ಕಿಟಕಿಯ ಕೆಸರು ಒರೆಸುತ್ತಾ ಅಂದಳು, “ನಾನೂ ಅಲ್ಲೇ ಇದ್ನಲ್ಲೋ. ಉಸಿರು ಕಟ್ಟಿತ್ತು, ಕಿವಿ ಕೇಳ್ತಿದ್ವು.”

ಅಪ್ಪ ಏನೂ ಅನ್ನಲಿಲ್ಲ. ಕೈ ಚಾಚಿ ಗೇರ್ ಹಾಕಿದರು.