ಡೋರು ಕಣಿವೆಯಲ್ಲಿ ಮೂರು ದಿನ

ಪೋರ್ಟ್ ಎಂಬ ಸಿಹಿಯಾದ ವೈನಿಗೆ ಹೆಸರನ್ನು ಕೊಟ್ಟುದು ಪೋರ್ಚುಗಲ್ ದೇಶದ ಪೋರ್ಟೋ ನಗರ. ಆದರೆ ಅದರ ದ್ರಾಕ್ಷಿ ಬೆಳೆಯುವುದು ಆ ನಗರದಲ್ಲಲ್ಲ. ಅಲ್ಲಿಂದ ಸುಮಾರು 100 ಕಿಲೋಮೀಟರ್ ಪೂರ್ವಕ್ಕೆ, ಡೋರು ನದಿಯು ಕೊರೆದ ಕಡಿದಾದ ಕಣಿವೆಯಲ್ಲಿ. ಕೀರ್ತಿಯು ಒಂದು ಊರಿನದು, ಬೆವರು ಇನ್ನೊಂದು ಸೀಮೆಯದು. ಪೋರ್ಟೋಗೆ ಬಂದು, ಉಗ್ರಾಣಗಳಲ್ಲಿ ಎರಡು ಬಟ್ಟಲು ರುಚಿ ನೋಡಿ ಹಿಂದಿರುಗುವ ಪ್ರವಾಸಿಗನು ಹೆಸರನ್ನಷ್ಟೇ ಕಂಡು ಬರುತ್ತಾನೆ. ಕೈಯಲ್ಲಿ ಮೂರೇ ದಿನಗಳಿದ್ದರೂ ಅವುಗಳಲ್ಲಿ ಎರಡನ್ನು ಕಣಿವೆಗೆ ಮೀಸಲಿಡುವುದು ಲೇಸು. ವೈನು ಇಳಿದು ಬಂದ ದಾರಿಯನ್ನೇ ಹಿಡಿದು ಮೇಲಕ್ಕೆ ಹೋದರೆ, ಒಂದು ಬಟ್ಟಲಿನ ಹಿಂದೆ ಎಷ್ಟು ಜನರ ಬಾಳು ಸವೆದಿದೆಯೆಂಬುದು ತಾನಾಗಿ ತಿಳಿಯುತ್ತದೆ.

ಹೊರಡುವ ಕಾಲ

ಒಂಬತ್ತು ತಿಂಗಳು ಚಳಿಗಾಲ, ಮೂರು ತಿಂಗಳು ನರಕ: ತಮ್ಮ ಹವೆಯನ್ನು ಕುರಿತು ಅಲ್ಲಿಯವರು ಆಡುವ ಗಾದೆ ಇದು. ಪಶ್ಚಿಮದಲ್ಲಿ 1,400 ಮೀಟರಿಗೂ ಎತ್ತರವಾದ ಮರಾಂವ್ ಪರ್ವತವು ಅಟ್ಲಾಂಟಿಕ್ ಸಾಗರದ ಮಳೆಮೋಡಗಳನ್ನು ತಡೆಯುವುದರಿಂದ, ಬೇಸಿಗೆಯಲ್ಲಿ ಕಣಿವೆಯು ಕಾದ ಬಾಣಲೆಯಂತಾಗುತ್ತದೆ. ಜುಲೈ, ಆಗಸ್ಟ್ ತಿಂಗಳುಗಳು ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಹಿತವಲ್ಲ. ಫೆಬ್ರವರಿ–ಮಾರ್ಚಿಯಲ್ಲಿ ಬಾದಾಮಿಯ ಮರಗಳು ಹೂ ಬಿಡುತ್ತವೆ. ಸೆಪ್ಟೆಂಬರಿನಲ್ಲಿ ದ್ರಾಕ್ಷಿಯ ಸುಗ್ಗಿ. ಸುಗ್ಗಿಯನ್ನು ನೋಡಬಯಸುವವರು ತಂಗುವ ಮನೆಯನ್ನು ಬಹಳ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಭಾರತೀಯರಿಗೆ ಷೆಂಗೆನ್ ವೀಸಾ ಅವಶ್ಯಕವಾದುದರಿಂದ ಅದಕ್ಕೂ ಸಾಕಷ್ಟು ಮುಂಚಿತವಾಗಿ ಅರ್ಜಿ ಹಾಕಿರಬೇಕು.

ಮೊದಲನೆಯ ದಿನ: ಪೀಪಾಯಿಗಳ ಊರು

ಪೋರ್ಟೋ ನಗರಕ್ಕೂ ಎದುರು ದಡದ ಗಾಯಾ ಪಟ್ಟಣಕ್ಕೂ ನಡುವೆ 1886ರಲ್ಲಿ ತೆರೆದ ಎರಡಂತಸ್ತಿನ ಕಬ್ಬಿಣದ ಕಮಾನು ಸೇತುವೆಯಿದೆ. ಅದರ ಮೇಲಂತಸ್ತಿನಲ್ಲಿ ನಿಂತರೆ ಗಾಯಾದ ಉಗ್ರಾಣಗಳ ಕೆಂಪು ಹೆಂಚಿನ ಮಾಡುಗಳು ಒಂದರ ಕೆಳಗೊಂದು ನೀರಿನವರೆಗೂ ಇಳಿದಿರುವುದು ಕಾಣುತ್ತದೆ. ಒಳಗೆ ತಂಪು, ಮಬ್ಬುಗತ್ತಲೆ, ಸಾಲುಸಾಲಾಗಿ ಮರದ ಪೀಪಾಯಿಗಳು. ಕನ್ನಡಿಗನಿಗೆ ಇಲ್ಲೊಂದು ಪರಿಚಿತ ಮಾತು ಕಾದಿದೆ: ನಮ್ಮ ‘ಪೀಪಾಯಿ’ ಪೋರ್ಚುಗೀಸರ ‘ಪೀಪ’ದಿಂದಲೇ ಬಂದುದು!

ಈ ವೈನು ತಯಾರಾಗುವ ಬಗೆಯೂ ವಿಶಿಷ್ಟವಾದುದು. ತುಳಿದ ದ್ರಾಕ್ಷಿಯ ರಸವು ಹುಳಿಯುತ್ತಿರುವಾಗ, ಅದರ ಸಕ್ಕರೆಯೆಲ್ಲ ಕರಗಿಹೋಗುವ ಮುನ್ನವೇ ದ್ರಾಕ್ಷಿಯಿಂದ ಬಟ್ಟಿ ಇಳಿಸಿದ ಕಡುಮದ್ಯವನ್ನು ಬೆರೆಸುತ್ತಾರೆ. ಹುಳಿಯುವಿಕೆ ಅಲ್ಲಿಗೆ ನಿಲ್ಲುತ್ತದೆ, ಸಿಹಿ ಉಳಿಯುತ್ತದೆ. 1926ರ ಕಾನೂನಿನಂತೆ ಪೋರ್ಟ್ ವೈನೆಲ್ಲವೂ ಗಾಯಾದ ಉಗ್ರಾಣಗಳ ಮೂಲಕವೇ ಹೊರದೇಶಕ್ಕೆ ಹೋಗಬೇಕಾಗಿತ್ತು. ಬೆಳೆದ ತೋಟದಿಂದಲೇ ನೇರವಾಗಿ ರಫ್ತು ಮಾಡುವ ಅವಕಾಶವು ಕಣಿವೆಯ ರೈತನಿಗೆ ದೊರೆತುದು 1986ರಲ್ಲಿ.

ಎರಡನೆಯ ದಿನ: ಬಲಗಡೆಯ ಕಿಟಕಿ

ಮರುದಿನ ಬೆಳಿಗ್ಗೆ ರೈಲು. ಸಾಂವ್ ಬೆಂತು ನಿಲ್ದಾಣದ ಗೋಡೆಗಳು ನೀಲಿ ಬಿಳುಪಿನ ಚಿತ್ರದ ಹೆಂಚುಗಳಿಂದ ತುಂಬಿವೆ. ಗಾಡಿಯ ಹೊತ್ತಿಗಿಂತ ಅರ್ಧ ಗಂಟೆ ಮೊದಲೇ ಹೋದರೆ ಅವನ್ನು ಸಾವಕಾಶವಾಗಿ ನೋಡಬಹುದು. ಗಾಡಿಯಲ್ಲಿ ಬಲಗಡೆಯ ಕಿಟಕಿಯನ್ನು ಹಿಡಿಯಬೇಕು. ಮೊದಲ ಒಂದು ಗಂಟೆ ನದಿಯ ಸುಳಿವೇ ಇಲ್ಲ. ಬಳಿಕ ಒಂದು ತಿರುವಿನಲ್ಲಿ ಥಟ್ಟನೆ ಅದು ಪಕ್ಕಕ್ಕೆ ಬರುತ್ತದೆ; ಬಂದುದು ಮತ್ತೆ ಜೊತೆ ಬಿಡುವುದಿಲ್ಲ.

ರೆಗ್ವಾ ಪಟ್ಟಣ ದಾಟಿದ ಮೇಲೆ ಬೆಟ್ಟಗಳ ರೂಪವೇ ಬದಲಾಗುತ್ತದೆ. ಅಡಿಯಿಂದ ನೆತ್ತಿಯವರೆಗೆ ಕಲ್ಲುಗೋಡೆಯ ಮೆಟ್ಟಿಲುಗಳು, ಮೆಟ್ಟಿಲಿಗೊಂದೆರಡು ಸಾಲು ಬಳ್ಳಿ. ಇಲ್ಲಿ ಮಣ್ಣೆಂಬುದು ಸಹಜವಾಗಿ ಇರಲೇ ಇಲ್ಲವೆನ್ನಬಹುದು. ಪದರಪದರವಾದ ಬಂಡೆಯನ್ನು ಒಡೆದು, ಪುಡಿ ಮಾಡಿ, ಗಾರೆಯಿಲ್ಲದೆ ಗೋಡೆ ಕಟ್ಟಿ, ನೆಲವನ್ನೇ ಮನುಷ್ಯನು ನಿರ್ಮಿಸಿದನು. ಈ ಕೆಲಸಕ್ಕೆ ಸ್ಪೇನಿನ ಗಲೀಸಿಯ ಪ್ರಾಂತದಿಂದ ಬಡ ಕೂಲಿಗಳು ತಂಡತಂಡವಾಗಿ ಬಂದರು. ಅವರ ಹೆಸರು ಯಾವ ಸೀಸೆಯ ಮೇಲೂ ಇಲ್ಲ.

1703ರ ಒಪ್ಪಂದದ ಮೇರೆಗೆ ಇಂಗ್ಲೆಂಡಿನಲ್ಲಿ ಪೋರ್ಚುಗೀಸ್ ವೈನಿನ ಸುಂಕವು ಫ್ರೆಂಚ್ ವೈನಿನದಕ್ಕಿಂತ ಮೂರನೆಯ ಒಂದು ಪಾಲು ಕಡಮೆಯಾಯಿತು. ಬೇಡಿಕೆ ಹೆಚ್ಚಿತು, ಅದರೊಡನೆ ಕಲಬೆರಕೆಯೂ ಹೆಚ್ಚಿತು. ಮಂತ್ರಿ ಪೊಂಬಾಲನು 1756ರಲ್ಲಿ ಒಂದು ಕಂಪನಿಯನ್ನು ಸ್ಥಾಪಿಸಿ, ಪೋರ್ಟ್ ವೈನಿನ ಸೀಮೆಗೆ ಗಡಿಯನ್ನು ಗೊತ್ತುಪಡಿಸಿ, 300ಕ್ಕೂ ಹೆಚ್ಚು ಕಲ್ಲುಕಂಬಗಳನ್ನು ನೆಡಿಸಿದನು. ಕಾನೂನಿನ ಗಡಿಯೂ ಕಟ್ಟುಪಾಡುಗಳೂ ಉಳ್ಳ ವೈನ್ ಪ್ರದೇಶಗಳಲ್ಲಿ ಇದು ಜಗತ್ತಿನಲ್ಲೇ ಅತ್ಯಂತ ಹಳೆಯವುಗಳ ಪೈಕಿ ಒಂದು.

ಇಳಿಯಬೇಕಾದುದು ಪಿನ್ಯಾಂವ್ ಎಂಬ ಪುಟ್ಟ ಊರಿನಲ್ಲಿ. ಪೋರ್ಟೋದಿಂದ ಸುಮಾರು ಎರಡೂವರೆ ಗಂಟೆಯ ಪ್ರಯಾಣ. ನಿಲ್ದಾಣದ ಗೋಡೆಯ ಮೇಲೆ 1937ರಲ್ಲಿ ಕೂರಿಸಿದ 24 ಹೆಂಚಿನ ಚಿತ್ರಗಳಲ್ಲಿ ಸುಗ್ಗಿಯ ಕಥೆಯೆಲ್ಲ ಇದೆ: ಬುಟ್ಟಿ ಹೊತ್ತ ಗಂಡಸರು, ಹಣ್ಣು ಕೊಯ್ಯುವ ಹೆಂಗಸರು, ಪೀಪಾಯಿ ಹೇರಿದ ದೋಣಿಗಳು. ವೈನು ಕುಡಿಯದ ಕುಟುಂಬಗಳಿಗೂ ಇಲ್ಲಿ ಕೊರತೆಯಿಲ್ಲ; ಬಳ್ಳಿಗಳ ನಡುವಿನ ಕಾಲುದಾರಿಗಳಲ್ಲಿ ನಡೆಯುವುದೇ ಸಾಕಷ್ಟು ಸುಖ. ಸುಗ್ಗಿಯಲ್ಲಾದರೆ, ಕೆಲವು ತೋಟಗಳಲ್ಲಿ ಇಂದಿಗೂ ಜನರು ಹೆಗಲಿಗೆ ಹೆಗಲು ಕೊಟ್ಟು, ಕಲ್ಲಿನ ತೊಟ್ಟಿಯೊಳಗೆ ದ್ರಾಕ್ಷಿಯನ್ನು ಕಾಲಿನಿಂದ ತುಳಿಯುವುದನ್ನು ಕಾಣಬಹುದು. ಸಸ್ಯಾಹಾರಿಗಳು ಮಾತ್ರ ಸ್ವಲ್ಪ ಎಚ್ಚರದಿಂದಿರಬೇಕು. ಸೊಪ್ಪಿನ ಸಾರಿನಲ್ಲೂ ಮಾಂಸದ ಬಿಲ್ಲೆ ತೇಲುತ್ತಿರಬಹುದು. ಮೊದಲೇ ಕೇಳಿ ಬೇಡವೆನ್ನುವುದು ಮೇಲು. ರೊಟ್ಟಿ, ಆಲಿವ್, ಚೀಸ್, ಬಾದಾಮಿಗಳಿಗೆ ಕಡಮೆಯಿಲ್ಲ.

ಮೂರನೆಯ ದಿನ: ಮುಳುಗಿದವನು, ತೇಲಿದವಳು

ಪಿನ್ಯಾಂವ್‌ನಿಂದ ಮತ್ತೆ ರೈಲು ಹತ್ತಿ ಪೊಸೀನ್ಯು ಎಂಬ ಕೊನೆಯ ನಿಲ್ದಾಣದವರೆಗೆ ಹೋಗಿಬರಬಹುದು. ದಾರಿಯಲ್ಲಿ ವಲೇರಾ ಎಂಬ ಕಮರಿಯಿದೆ. ಇಂದು ಅಲ್ಲಿ ನೀರು ಕನ್ನಡಿಯಂತೆ ಶಾಂತವಾಗಿದೆ. 1861ರ ಮೇ ತಿಂಗಳಲ್ಲಿ ಅದು ಹಾಗಿರಲಿಲ್ಲ. ಆ ದಿನ ದೋಣಿಯಲ್ಲಿದ್ದವನು ಜೋಸೆಫ್ ಜೇಮ್ಸ್ ಫಾರೆಸ್ಟರ್. ಈ ನದಿಯ ನಕ್ಷೆಯನ್ನು ಬರೆದ, ಕಲಬೆರಕೆಯ ವಿರುದ್ಧ ಹೋರಾಡಿದ ಇಂಗ್ಲಿಷ್ ವರ್ತಕ. ಜೊತೆಗಿದ್ದವರು, 33ನೆಯ ವಯಸ್ಸಿನಲ್ಲೇ ಒಮ್ಮೆ ವಿಧವೆಯಾಗಿ, ವಿಸ್ತಾರವಾದ ತೋಟಗಳನ್ನು ಸ್ವತಃ ನೋಡಿಕೊಂಡು ಬಂದಿದ್ದ ದೋನ ಅಂತೋನಿಯಾ ಫೆರೇರಾ. ದೋಣಿ ಮಗುಚಿತು. ಸೊಂಟಕ್ಕೆ ಕಟ್ಟಿದ್ದ ಹಣದ ಪಟ್ಟಿಯೇ ಫಾರೆಸ್ಟರನನ್ನು ತಳಕ್ಕೆಳೆಯಿತೆಂದೂ, ಅಂತೋನಿಯಾ ಅವರ ಅಗಲವಾದ ಲಂಗವು ಗಾಳಿ ತುಂಬಿ ಅವರನ್ನು ತೇಲಿಸಿತೆಂದೂ ಜನರು ಹೇಳುತ್ತಾರೆ. ನದಿಯ ಒಂದೊಂದು ಬಂಡೆಯನ್ನೂ ಅಳೆದವನನ್ನು ನದಿಯು ಬಿಟ್ಟುಕೊಡಲಿಲ್ಲ. ಅವನ ದೇಹವೂ ಸಿಗಲಿಲ್ಲ.

ಇಂಥ ನೀರಿನಲ್ಲಿಯೇ ರಬೇಲೊ ಎಂಬ ಚಪ್ಪಟೆ ತಳದ ದೋಣಿಗಳು ಪೀಪಾಯಿಗಳನ್ನು ಹೊತ್ತು ಇಳಿಯುತ್ತಿದ್ದವು. ರೈಲು 1887ರ ಹೊತ್ತಿಗೆ ಕಣಿವೆಯುದ್ದಕ್ಕೂ ಬಂದಿತು. 1970 ಮತ್ತು 1980ರ ದಶಕಗಳ ಅಣೆಕಟ್ಟುಗಳು ನದಿಯನ್ನು ಪಳಗಿಸಿದವು. ರಬೇಲೊಗಳು ಈಗ ಗಾಯಾದ ದಡದಲ್ಲಿ ಅಲಂಕಾರಕ್ಕಾಗಿ ನಿಂತಿವೆ.

ಹಿಂದಿರುಗುವಾಗ ಕಿಟಕಿಯಿಂದ ಇನ್ನೊಂದು ನೋಟವನ್ನೂ ಗಮನಿಸಬೇಕು. ಹಸಿರು ಮೆಟ್ಟಿಲುಗಳ ನಡುವೆ ಅಲ್ಲಲ್ಲಿ ಕುರುಚಲು ಗಿಡ ಮುಚ್ಚಿದ ಕುಸಿದ ಗೋಡೆಗಳಿವೆ. 1860ರ ದಶಕದಲ್ಲಿ ಕಾಣಿಸಿಕೊಂಡ ಫಿಲಾಕ್ಸೆರಾ ಎಂಬ ಕೀಟವು ಬೇರುಗಳನ್ನು ತಿಂದು ತೋಟಗಳನ್ನು ನಾಶಮಾಡಿತು. ಅಮೆರಿಕದ ಬೇರಿಗೆ ನಾಡಬಳ್ಳಿಯನ್ನು ಕಸಿಮಾಡಿ ಹಲವರು ಮತ್ತೆ ಎದ್ದುನಿಂತರು; ಉಳಿದವರು ಕೈಬಿಟ್ಟ ನೆಲವೇ ಇದು. ಸಾವನ್ನು ಸೂಚಿಸುವ ‘ಮೊರ್ತೋರಿಯು’ ಎಂಬ ಹೆಸರಿನಿಂದ ಅದನ್ನು ಕರೆಯುತ್ತಾರೆ. 2001ರಲ್ಲಿ ಯುನೆಸ್ಕೋ ಈ ಕಣಿವೆಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಆದರೂ ಹಳ್ಳಿಗಳ ತರುಣರು ಪಟ್ಟಣಗಳ ಕಡೆಗೆ ಹೋಗುತ್ತಲೇ ಇದ್ದಾರೆ; ಗಾರೆಯಿಲ್ಲದ ಗೋಡೆಗೆ ವರ್ಷವರ್ಷವೂ ಕೈ ತಾಗದಿದ್ದರೆ ಅದು ನಿಲ್ಲುವುದಿಲ್ಲ.

ಸಂಜೆಗೆ ಗಾಡಿಯು ಪೋರ್ಟೋ ತಲಪುತ್ತದೆ. ಎದುರು ದಡದಲ್ಲಿ ಉಗ್ರಾಣಗಳ ದೊಡ್ಡ ದೊಡ್ಡ ಹೆಸರುಗಳು ದೀಪದಲ್ಲಿ ಹೊಳೆಯುತ್ತಿರುತ್ತವೆ. ಮೊದಲ ದಿನ ಅವನ್ನು ಬೆರಗಿನಿಂದ ಓದಿದ ಪ್ರವಾಸಿಗನಿಗೆ, ಮೂರನೆಯ ದಿನ ಅವುಗಳ ಹಿಂದೆ ಆ ಕಲ್ಲುಗೋಡೆಗಳು ಕಾಣತೊಡಗುತ್ತವೆ.