ಮೀಂಜದ ಬೈಲಿನಲ್ಲಿ ಒಂದು ರೈಲಿನ ಹಾಡು

ಮಂಜೇಶ್ವರದ ಹೊಸಂಗಡಿಯಲ್ಲಿ ಹೆದ್ದಾರಿಯನ್ನು ಬಿಟ್ಟು ಮೂಡು ದಿಕ್ಕಿಗೆ ತಿರುಗಿದರೆ ಮೀಂಜ ಪಂಚಾಯತಿನ ಕಡೆಗೆ ಹೋಗುವ ದಾರಿ. ಹಿಂದೆ ಬಿಟ್ಟು ಬಂದ ಮಂಜೇಶ್ವರವೆಂದರೆ ‘ಗೊಲ್ಗೊಥಾ’ ಬರೆದ ರಾಷ್ಟ್ರಕವಿ ಗೋವಿಂದ ಪೈಗಳ ಊರು. ಆದರೆ ಇಂದು ನನ್ನ ದಾರಿ ಕವಿಯ ಮನೆಗಲ್ಲ, ಅಕ್ಷರ ಕಲಿಯದ ಒಬ್ಬ ಹಾಡುಗಾರ್ತಿಯ ಮನೆಗೆ.

ಇಲ್ಲಿನ ಊರುಗಳ ಹೆಸರು ಕೇಳಿದರೆ ಸಾಕು, ನೆಲದ ಆಕಾರ ತಿಳಿಯುತ್ತದೆ. ಮೀಯಪದವು ಎಂಬುದರಲ್ಲಿ ಪದವು ಇದೆ. ಮೂಡಂಬೈಲು, ಮಜಿಬೈಲು ಎಂಬವುಗಳಲ್ಲಿ ಬೈಲು ಇದೆ. ಮುರಕಲ್ಲಿನ ಗುಡ್ಡದ ನೆತ್ತಿಯ ಸಮತಟ್ಟು ಜಾಗ ಪದವು. ಎರಡು ಗುಡ್ಡಗಳ ನಡುವೆ ನೀರು ನಿಲ್ಲುವ ತಗ್ಗು ಗದ್ದೆ ಬೈಲು. ಹಿಂದಿನವರು ಬೈಲಿನಲ್ಲಿ ವರ್ಷಕ್ಕೆ ಮೂರು ಬೆಳೆ ತೆಗೆಯುತ್ತಿದ್ದರು: ಏಣೆಲು, ಸುಗ್ಗಿ, ಕೊಳಕೆ. ಈಗ ಹೆಸರಿನಲ್ಲಿ ಬೈಲು ಇದ್ದರೂ ಬಸ್ಸಿನ ಕಿಟಕಿಯಿಂದ ಕಾಣುವುದು ಹೆಚ್ಚಾಗಿ ಅಡಿಕೆ ಮರದ ತಲೆ. ಗದ್ದೆಯನ್ನು ಹಾಗೆ ಸುಲಭವಾಗಿ ತೋಟ ಮಾಡಬಾರದೆಂದು ಕೇರಳದಲ್ಲಿ 2008ರಲ್ಲಿ ಕಾನೂನು ಬಂತು. ಅಷ್ಟರಲ್ಲಿ ಎಷ್ಟೋ ಗದ್ದೆಗಳು ತೋಟವಾಗಿ ಆಗಿತ್ತು. ನಮ್ಮ ಅಜ್ಜಿಮನೆಯ ಗದ್ದೆಯೂ ಅದರಲ್ಲಿ ಸೇರಿದೆ, ಸುಳ್ಳು ಹೇಳಿ ಪ್ರಯೋಜನವಿಲ್ಲ.

ಶಾಲೆಗೆ ಮಳೆಯ ರಜೆ ಸಿಕ್ಕಿದಾಗಲೆಲ್ಲ ನಾವು ಮಕ್ಕಳು ಆ ಅಜ್ಜಿಮನೆಯಲ್ಲಿ ಇರುತ್ತಿದ್ದೆವು. ಏಣೆಲಿನ ನೇಜಿ ನೆಡುವ ಸಮಯ. ಹದಿನೈದು ಇಪ್ಪತ್ತು ಹೆಂಗಸರು ಬೆನ್ನಿಗೆ ಓಲಿಯ ಗೊರಬು ಹಾಕಿಕೊಂಡು ಸಾಲಾಗಿ ಬಗ್ಗಿ, ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ನೆಡುತ್ತಿದ್ದರು. ಒಬ್ಬಾಕೆ ಒಂದು ಸಾಲು ಹೇಳಿಕೊಡುವುದು, ಉಳಿದವರೆಲ್ಲ ಎತ್ತಿ ಹೇಳುವುದು. ನಡುನಡುವೆ ‘ಓ ಬೇಲೆ’ ಎಂಬ ಪಲ್ಲವಿ. ತುಳುವಿನಲ್ಲಿ ಬೇಲೆ ಎಂದರೆ ಕೆಲಸ. ಮಳೆಯ ಸದ್ದಿನಲ್ಲಿ ಹಾಡಿನ ಮಾತು ನಮಗೆ ಸರಿಯಾಗಿ ತಿಳಿಯುತ್ತಿರಲಿಲ್ಲ. ಆದರೆ ಹಾಡು ನಿಂತರೆ ಗಂಜಿಯ ಹೊತ್ತಾಯಿತೆಂದು ತಿಳಿಯುತ್ತಿತ್ತು.

ಹೇಳಿಕೊಡುತ್ತಿದ್ದ ಆ ಅಕ್ಕನನ್ನು ನೋಡಲು ಕಳೆದ ಜುಲೈಯಲ್ಲಿ ನಾನು ಹೋದದ್ದು. ಹೋಗಲು ಕಾರಣವಾದದ್ದು ಆಫ್ರಿಕಾದ ಒಂದು ಹಾಡು.

ನನ್ನ ತಂಗಿಯ ಮಗ ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗಿನಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿಯ ಚರ್ಚಿನ ಹಬ್ಬದ ದಿನ ಯುವಜನರು ಹಾಡಿದ ‘ಶೋಶೋಲೋಜಾ’ ಎಂಬ ಹಾಡನ್ನು ಅವನು ಮೊಬೈಲಿಗೆ ಕಳುಹಿಸಿದ್ದ. ನಮ್ಮ ಗಾಯನ ಮಂಡಳಿಯವರಿಗೆ ಕಲಿಸಿ ಮಾಮ, ಸುಲಭವಿದೆ ಎಂದು ಬರೆದಿದ್ದ. ಸುಲಭವೇನೋ ಹೌದು. ಒಬ್ಬ ಎತ್ತುತ್ತಾನೆ, ನೂರು ಮಂದಿ ಸೇರುತ್ತಾರೆ. ಆದರೆ ಅದರ ಹಿಂದಿನ ಕಥೆ ಓದಿದ ಮೇಲೆ ಸುಲಭ ಎನ್ನಲು ಬಾಯಿ ಬರಲಿಲ್ಲ.

1886ರಲ್ಲಿ ಜೋಹಾನ್ಸ್‌ಬರ್ಗ್ ಇರುವ ವಿಟ್‌ವಾಟರ್ಸ್‌ರಾಂಡ್ ಎಂಬ ಬೆಟ್ಟಸಾಲಿನಲ್ಲಿ ಚಿನ್ನ ಸಿಕ್ಕಿತು. ಚಿನ್ನದ ಗಣಿ ಎಂದರೆ ನಮಗೆ ನೆನಪಾಗುವುದು 2001ರಲ್ಲಿ ಮುಚ್ಚಿದ ಕೋಲಾರದ ಗಣಿ. ಅದು ಅದಕ್ಕಿಂತಲೂ ಎಷ್ಟೋ ಪಾಲು ದೊಡ್ಡದು. ಅಗೆಯಲು ಆಳು ಬೇಕು, ಕಡಿಮೆ ಕೂಲಿಗೆ ಬೇಕು. ಸುತ್ತಮುತ್ತಲ ದೇಶಗಳಿಂದ, ಅದರಲ್ಲಿ ಈಗಿನ ಜಿಂಬಾಬ್ವೆಯಿಂದಲೂ, ಗಂಡಸರನ್ನು ಕರಾರಿನ ಮೇಲೆ ರೈಲಿನಲ್ಲಿ ತಂದರು. ಹೆಂಡತಿ ಮಕ್ಕಳು ಊರಿನಲ್ಲಿ. ಇವರು ತಿಂಗಳುಗಟ್ಟಲೆ ಗಣಿಯ ವಠಾರದಲ್ಲಿ, ಒಂದೇ ಕೋಣೆಯಲ್ಲಿ ಹತ್ತಾರು ಮಂದಿ. ಅವರ ಹಾಡು ಇದು. ನ್ಗುನಿ ಎಂಬ ಭಾಷಾ ಕುಟುಂಬಕ್ಕೆ ಸೇರಿದ ಎಂಡೆಬೆಲೆ, ಜುಲು ಭಾಷೆಗಳು ಅದರಲ್ಲಿ ಬೆರೆತಿವೆ. ನಮ್ಮಲ್ಲಿ ತುಳುವಿಗೂ ಕನ್ನಡಕ್ಕೂ ಇರುವ ಹಾಗೆ ಅವು ದಾಯಾದಿ ಭಾಷೆಗಳು. ಬೆಟ್ಟಗಳ ನಡುವೆ ಜಿಂಬಾಬ್ವೆಯಿಂದ ಓಡಿ ಬರುವ ಉಗಿಬಂಡಿಯ ಕುರಿತು ಹಾಡು. ಶೋಶೋಲೋಜಾ ಎಂದರೆ ಮುಂದೆ ಸಾಗು ಎಂದು ಅರ್ಥ ಹೇಳುತ್ತಾರೆ; ಹೇಳಿ ನೋಡಿದರೆ ಉಗಿಬಂಡಿಯ ಸದ್ದು ಕೂಡ ಕೇಳುತ್ತದೆ. ಆ ರೈಲು ಊರಿಗೆ ಕರೆದುಕೊಂಡು ಹೋಗುವುದೇ, ಊರಿನಿಂದ ಬಿಡಿಸಿ ತರುವುದೇ ಎಂಬುದು ಹಾಡುವವನ ಮನಸ್ಸಿನ ಮೇಲಿರಬೇಕು.

ರಾಬೆನ್ ದ್ವೀಪದ ಸೆರೆಮನೆಯಲ್ಲಿ ನೆಲ್ಸನ್ ಮಂಡೇಲಾ ಮತ್ತು ಸಂಗಡಿಗರು ಕಲ್ಲು ಸುಣ್ಣದ ಗಣಿಯಲ್ಲಿ ವರ್ಷಗಟ್ಟಲೆ ದುಡಿದರು. ಆ ಬಿಳಿ ಗಣಿಯ ಬಿಸಿಲಿನ ಝಳ ಅವರ ಕಣ್ಣನ್ನೇ ಕೆಡಿಸಿತು. ಅಲ್ಲಿ ದುಡಿಯುವಾಗ ಈ ರೈಲಿನ ಹಾಡನ್ನು ಹಾಡುತ್ತಿದ್ದುದನ್ನು ಅವರು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಕೈದಿಗಳ ಹಾಡುಗಳ ಅರ್ಥ ಕಾವಲಿನವರಿಗೆ ತಿಳಿದ ಮೇಲೆ ಹಾಡುವುದಕ್ಕೇ ನಿಷೇಧ ಬಂತು. ಮುಂದೆ ಅದೇ ಮಂಡೇಲಾ ರಾಷ್ಟ್ರಾಧ್ಯಕ್ಷರಾಗಿದ್ದಾಗ, 1995ರ ವಿಶ್ವಕಪ್ ರಗ್ಬಿಯ ಸಮಯ ಕರಿಯರೂ ಬಿಳಿಯರೂ ಅದನ್ನು ಒಟ್ಟಿಗೆ ಹಾಡಿದರು. ಈಗ ಅದನ್ನು ಆ ದೇಶದ ಎರಡನೆಯ ರಾಷ್ಟ್ರಗೀತೆ ಎಂದೇ ಕರೆಯುತ್ತಾರೆ.

ಹಾಡು ಕ್ರೀಡಾಂಗಣಕ್ಕೆ ಬಂತು. ಗಣಿಯ ಧೂಳು ಕುಡಿದು ಶ್ವಾಸಕೋಶ ಕೆಟ್ಟ ಕೆಲಸಗಾರರು? ಅವರ ಮತ್ತು ಅವರ ವಿಧವೆಯರ ಪರಿಹಾರಕ್ಕಾಗಿ ಸುಮಾರು 500 ಕೋಟಿ ರ‍್ಯಾಂಡಿನ ಒಪ್ಪಂದಕ್ಕೆ ಅಲ್ಲಿನ ನ್ಯಾಯಾಲಯ ಒಪ್ಪಿಗೆ ಕೊಟ್ಟದ್ದು 2019ರಲ್ಲಿ. ವಿಶ್ವಕಪ್ ಕಳೆದು 24 ವರ್ಷಗಳ ಮೇಲೆ.

ಇದನ್ನು ಓದಿದಾಗ ನನಗೆ ನಮ್ಮ ಬೈಲಿನ ಅಕ್ಕನ ನೆನಪು ಬಂತು.

ಮನೆ ಸಿಗುವುದು ಕಷ್ಟವಾಗಲಿಲ್ಲ. ಗುಡ್ಡದ ಬದಿಯ ಹತ್ತು ಸೆಂಟ್ಸು ಜಾಗ, ಹಂಚಿನ ಮನೆ, ಪಕ್ಕದಲ್ಲಿ ಮೊಮ್ಮಗಳು ಕಟ್ಟಿಸುತ್ತಿರುವ ಟೆರೇಸಿನ ಮನೆ. ಆಕೆಯ ಕಿವಿ ಚುರುಕು, ಸೊಂಟ ಮಾತ್ರ ನೆಟ್ಟಗಾಗುವುದಿಲ್ಲ. “ಯಾರು? ಮೂಡಂಬೈಲು ಬಾಯಮ್ಮನ ಮೊಮ್ಮಗನಾ? ಬನ್ನಿ ಪೊರ್ಬುಲೆ, ಕೂತುಕೊಳ್ಳಿ” ಎಂದರು. ನಮ್ಮ ಮಾತೆಲ್ಲ ತುಳುವಿನಲ್ಲಿ; ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವರು ನನ್ನನ್ನು ಕೂರಿಸಿದ್ದು ಚಾವಡಿಯ ಕುರ್ಚಿಯಲ್ಲಿ. ನಮ್ಮ ಅಜ್ಜಿಯ ಮನೆಯಲ್ಲಿ ಅವರಿಗೆ ಗಂಜಿ ಬಡಿಸುತ್ತಿದ್ದದ್ದು ಅಂಗಳದ ಆಚೆ ಕೊಟ್ಟಿಗೆಯ ಮಾಡಿನ ಕೆಳಗೆ. ನಾವು ಪೂಜೆಗೆ ಹೋಗುವವರು, ಸಂಜೆ ಜಪಸರ ಮಾಡುವವರು. ಆದರೂ ಚಾವಡಿಯ ಮೆಟ್ಟಿಲಿನ ವಿಷಯದಲ್ಲಿ ನೆರೆಕರೆಯವರಿಗಿಂತ ಬೇರೆ ಇರಲಿಲ್ಲ. ಕುರ್ಚಿಯಲ್ಲಿ ಕುಳಿತಾಗ ನನಗೆ ಅದೇ ನೆನಪಾದದ್ದು. ಅವರಿಗೆ ನೆನಪಾಯಿತೋ ಇಲ್ಲವೋ, ನಾನು ಕೇಳಲಿಲ್ಲ.

ಆ ಹತ್ತು ಸೆಂಟ್ಸಿಗೂ ಒಂದು ಕಥೆಯಿದೆ. ಕೇರಳದ ಭೂಸುಧಾರಣೆ 1970ರ ಜನವರಿ 1ರಂದು ಜಾರಿಗೆ ಬಂತು. ಗೇಣಿ ಒಕ್ಕಲಾಗಿದ್ದ ನನ್ನ ಅಜ್ಜನಿಗೆ ಉಳುತ್ತಿದ್ದ ಗದ್ದೆ ಸ್ವಂತವಾಯಿತು. ಅಜ್ಜ ಕೊನೆಯವರೆಗೂ ಅದನ್ನು ದೇವರ ದಯೆ ಎನ್ನುತ್ತಿದ್ದರು. ಆದರೆ ಅದೇ ಗದ್ದೆಯಲ್ಲಿ ನೇಜಿ ನೆಟ್ಟವರು ಗೇಣಿದಾರರಲ್ಲ, ಕೂಲಿಯವರು. ಬೇರೆಯವರ ಜಾಗದಲ್ಲಿ ಗುಡಿಸಲು ಕಟ್ಟಿ ಕುಳಿತವರಿಗೆ ಕಾನೂನು ಕೊಟ್ಟ ಹಕ್ಕು ಗುಡಿಸಲಿನ ಸುತ್ತಲ ನೆಲಕ್ಕೆ, ಪಂಚಾಯತು ಪ್ರದೇಶದಲ್ಲಿ ಹತ್ತು ಸೆಂಟ್ಸಿನವರೆಗೆ. ಗದ್ದೆ ನಮಗೆ, ಅಡಿಸ್ಥಳ ಅವರಿಗೆ. ಅದೂ ಸಣ್ಣ ಸಂಗತಿಯಲ್ಲ, ಏಳು ಎಂದರೆ ಏಳಬೇಕಾದ ಹೆದರಿಕೆ ಹೋಯಿತು ಎಂದು ಅಕ್ಕ ಹೇಳಿದರು.

ನಾನು ಮೊಬೈಲಿನಲ್ಲಿ ಆಫ್ರಿಕಾದ ಹಾಡು ಹಾಕಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು. “ಭಾಷೆ ಗೊತ್ತಾಗುವುದಿಲ್ಲ. ಆದರೆ ಇದು ಕೆಲಸದ ಹಾಡೇ” ಎಂದರು. ಹೇಗೆ ಗೊತ್ತಾಯಿತು ಎಂದೆ. “ಒಬ್ಬ ಹೇಳುವಾಗ ಉಳಿದವರು ಉಸಿರು ಎಳೆದುಕೊಳ್ಳುತ್ತಾರಲ್ಲ. ಸುಮ್ಮನೆ ಕುಳಿತು ಹಾಡುವವರಿಗೆ ಅಷ್ಟು ಬಿಡುವು ಬೇಡ.” ಆಮೇಲೆ ತಮ್ಮ ಕೆಲಸದ ಗುಟ್ಟು ಬಿಡಿಸಿ ಹೇಳಿದರು. ಕೈ ಹಾಡಿನ ಜೊತೆ ಹೋಗುತ್ತದೆ. ಸಾಲಿನಲ್ಲಿ ಬಾಣಂತನ ಮುಗಿಸಿ ಬಂದವಳಿದ್ದರೆ, ಮುದುಕಿ ಇದ್ದರೆ, ಹೇಳಿಕೊಡುವವಳು ರಾಗ ಎಳೆಯುತ್ತಾಳೆ. ಎಲ್ಲರ ಕೈಯೂ ನಿಧಾನ. ಯಾರು ಹಿಂದೆ ಬಿದ್ದರೆಂದು ಗದ್ದೆಯ ಬದುವಿನ ಮೇಲೆ ಕೊಡೆ ಹಿಡಿದು ನಿಂತ ಧಣಿಗೆ ತಿಳಿಯುವುದಿಲ್ಲ. “ನಿಮ್ಮ ಅಜ್ಜನಿಗೂ ಗೊತ್ತಾಗಲಿಲ್ಲ” ಎಂದು ನಕ್ಕರು.

ಹಾಡುತ್ತಿದ್ದದ್ದು ಏನನ್ನು? ಸಣ್ಣ ಕಬಿತಗಳು, ತಮಾಷೆಯವು, ಉದ್ದದ ಪಾಡ್ದನಗಳು. ಹೆಚ್ಚು ಇಷ್ಟವಾದದ್ದು ಸಿರಿಯ ಕಥೆ. ಬಸುರಿಯ ಬಯಕೆಗೆಂದು ತಂದ ಸೀರೆಯನ್ನು ಗಂಡ ಮೊದಲು ಇನ್ನೊಬ್ಬಳಿಗೆ ಉಡಿಸಿದ. ಸಿರಿ ಅದನ್ನು ಮುಟ್ಟಲಿಲ್ಲ. ಮುಂದೆ ಹಿರಿಯರ ಮುಂದೆ ಆ ಮದುವೆಯನ್ನೇ ಕಡಿದುಕೊಂಡು ಹೊರಟಳು. ನಂಬಿಕೆಯ ದೃಷ್ಟಿಯಿಂದ ಆ ಕಥೆ ನಮ್ಮದಲ್ಲ. ಆದರೆ ಮೊಣಕಾಲು ಕೆಸರಿನಲ್ಲಿ ನಿಂತ ಹೆಂಗಸರು, ದೊಡ್ಡವರ ಸಭೆಯಲ್ಲಿ ನ್ಯಾಯ ಕೇಳಿದ ಒಬ್ಬಳು ಹೆಂಗಸಿನ ಕಥೆಯನ್ನು ದಿನವಿಡೀ ಹಾಡುತ್ತಿದ್ದರೆಂಬುದು ಸಣ್ಣ ಮಾತೇ?

ಕೆಸರಿನ ಈ ಹಾಡುಗಳನ್ನು ಮೊದಲಿಗೆ ಬರೆದು ಅಚ್ಚು ಹಾಕಿದವರಲ್ಲಿ ಬಾಸೆಲ್ ಮಿಷನಿನ ಆಗಸ್ಟ್ ಮ್ಯಾನರ್ ಒಬ್ಬರು. ಅವರ ‘ಪಾಡ್ದನೊಳು’ ಮಂಗಳೂರಿನಲ್ಲಿ ಅಚ್ಚಾದದ್ದು 1886ರಲ್ಲಿ, ಆಫ್ರಿಕಾದಲ್ಲಿ ಆ ಚಿನ್ನ ಸಿಕ್ಕಿದ ವರ್ಷವೇ. ಒಂದು ಕಡೆ ಹಾಡು ಹುಟ್ಟಲು ಕಾರಣ ಸಿದ್ಧವಾಗುತ್ತಿದ್ದಾಗ ಇನ್ನೊಂದು ಕಡೆ ಹಾಡು ಪುಸ್ತಕವಾಗುತ್ತಿತ್ತು. ನೂರು ವರ್ಷ ಕಳೆದು, 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ಲೌರಿ ಹೊಂಕೊ ಅವರು ನಮ್ಮ ವಿವೇಕ ರೈ, ಚಿನ್ನಪ್ಪ ಗೌಡ ಅವರ ಜೊತೆ ಸೇರಿ, ಉಜಿರೆ ಬಳಿಯ ಮಾಚಾರಿನ ಕೃಷಿಕ ಗೋಪಾಲ ನಾಯ್ಕರ ಬಾಯಿಂದ ಸಿರಿ ಪಾಡ್ದನವನ್ನು ದಾಖಲಿಸಿದರು. 15,683 ಸಾಲು! ಹೋಮರನ ಇಲಿಯಡ್ ಕಾವ್ಯಕ್ಕೆ ಹೆಚ್ಚುಕಡಿಮೆ ಸಮ. 1998ರಲ್ಲಿ ಹೆಲ್ಸಿಂಕಿಯಲ್ಲಿ ಅದು ಗ್ರಂಥವಾಗಿ ಬಂತು. ಗದ್ದೆಯ ಹಾಡೆಂದು ನಾವು ಬದುವಿನಿಂದಲೇ ಕೇಳಿ ಬಿಟ್ಟದ್ದರ ಅಳತೆ ಅಷ್ಟು.

ಇದನ್ನೆಲ್ಲ ಅಕ್ಕನಿಗೆ ಉತ್ಸಾಹದಿಂದ ಹೇಳಿದೆ. ಹಾಡೆಲ್ಲ ಹೋಯಿತಲ್ಲ ಅಕ್ಕ, ಬೇಸರವಾಗುವುದಿಲ್ಲವೇ ಎಂದೂ ಕೇಳಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಾ, “ಹಾಡು ಹೋಯಿತೆಂದು ನಿಮಗೆ ಬೇಸರ. ಹಾಡು ಬೇಕಾದರೆ ಆ ಸೊಂಟನೋವೂ ಬೇಕಲ್ಲ ಪೊರ್ಬುಲೆ? ನನ್ನ ಮೊಮ್ಮಗಳು ಆಸ್ಪತ್ರೆಯಲ್ಲಿ ನರ್ಸು. ಅವಳಿಗೆ ಒಂದು ಸಾಲೂ ಬರುವುದಿಲ್ಲ. ನಾನು ಕಲಿಸಲೂ ಇಲ್ಲ” ಎಂದರು.

ನನಗೆ ಉತ್ತರ ಹೊಳೆಯಲಿಲ್ಲ. ಪ್ರತಿ ಸೆಪ್ಟೆಂಬರ್ 8ರಂದು, ಕನ್ಯಾ ಮರಿಯಮ್ಮನವರ ಹುಟ್ಟುಹಬ್ಬಕ್ಕೆ, ನಾವು ಆಶೀರ್ವದಿಸಿದ ತೆನೆ ಮನೆಗೆ ತರುತ್ತೇವೆ. ಹೊಸ ಭತ್ತದ ಕಾಳು ಸುಲಿದು, ಅರೆದು, ತೆಂಗಿನಹಾಲಿನಲ್ಲಿ ಬೆರೆಸಿ ಮನೆಮಂದಿಯೆಲ್ಲ ಕುಡಿದು ಮತ್ತೆ ಊಟ. ದೂರದ ಮಕ್ಕಳಿಗೆ ಕಾಳನ್ನು ಅಂಚೆಯಲ್ಲಿ ಕಳುಹಿಸುವವರೂ ಇದ್ದಾರೆ. ಅಜ್ಜಿಯ ಕಾಲದಲ್ಲಿ ಆ ತೆನೆ ಸ್ವಂತ ಗದ್ದೆಯದು, ಅಂದರೆ ಈ ಅಕ್ಕ ನೆಟ್ಟದ್ದು. ಹಬ್ಬದ ಮರುದಿನ ಅಜ್ಜಿ ಅವರಿಗೆ ಪಾಯಸ ಕೊಟ್ಟು ಕಳುಹಿಸುತ್ತಿದ್ದರಂತೆ. “ಒಳ್ಳೆಯದಿತ್ತು” ಎಂದರು ಅಕ್ಕ. ಅಷ್ಟೇ ಹೇಳಿದರು.

ಹೊರಡುವಾಗ ಮಳೆ ಸ್ವಲ್ಪ ನಿಂತಿತ್ತು. ದಾರಿಯವರೆಗೆ ಬರುತ್ತೇನೆಂದು ಕೋಲು ಹಿಡಿದು ಹೊರಟರು. ಕೆಳಗಿನ ಬೈಲಿನಲ್ಲಿ ತೋಟವಾಗದೆ ಉಳಿದ ನಾಲ್ಕೈದು ಗದ್ದೆಗಳಿವೆ. ಅದರಲ್ಲಿ ಏಳೆಂಟು ಮಂದಿ ಗಂಡಸರು ನೇಜಿ ನೆಡುತ್ತಿದ್ದರು. ಪಶ್ಚಿಮ ಬಂಗಾಳದ ಮುರ್ಷಿದಾಬಾದಿನವರು. ಗದ್ದೆಯ ಧಣಿ ಇಡೀ ಗದ್ದೆಗೆ ಇಂತಿಷ್ಟು ಎಂದು ಗುತ್ತಿಗೆ ಕೊಟ್ಟಿದ್ದಾರಂತೆ. ಬದುವಿನ ಮೇಲೆ ಒಂದು ಮೊಬೈಲು ಪ್ಲಾಸ್ಟಿಕ್ ಚೀಲದೊಳಗೆ ಹಾಡುತ್ತಿತ್ತು. ಅದರ ಜೊತೆ ಒಬ್ಬ ಹುಡುಗ ಗಟ್ಟಿಯಾಗಿ ಹೇಳುತ್ತಿದ್ದ, ಒಮ್ಮೊಮ್ಮೆ ಉಳಿದವರೂ ಸೇರುತ್ತಿದ್ದರು.

ಅಕ್ಕ ಕೋಲೂರಿ ನಿಂತು ತುಂಬಾ ಹೊತ್ತು ನೋಡಿದರು. “ಸಾಲು ನೆಟ್ಟಗೆ ಬರುತ್ತದೆ. ಅವಸರ ಹೆಚ್ಚು” ಎಂದರು. ಆಮೇಲೆ, “ನಿಮಗೆ ಹಿಂದಿ ಬರುತ್ತದಲ್ಲ, ಅವರ ಊರಿಗೆ ರೈಲಿನಲ್ಲಿ ಎಷ್ಟು ದಿನ ಕೇಳಿ” ಎಂದರು. ಕೇಳಿದೆ. ಹತ್ತಿರ ಹತ್ತಿರ ಮೂರು ದಿನ ಎಂದ ಆ ಹುಡುಗ, ನೇಜಿಯ ಕಟ್ಟು ಬಿಚ್ಚುತ್ತಾ. ಅವರಿಗೆ ಸ್ವಂತ ಗದ್ದೆ ಉಂಟಾ ಕೇಳಿ ಎಂದರು. ಇದೆ, ಸ್ವಲ್ಪ ಎಂದ. “ಹಾಗಾದರೆ ಈಗ ಅಲ್ಲಿ ನೆಡುವುದು ಯಾರು?”

ಅಮ್ಮ, ಮತ್ತೆ ಹೆಂಡತಿ ಎಂದ ಹುಡುಗ.

“ಅವರು ಹಾಡುತ್ತಾರಾ, ಕೇಳಿ” ಎಂದರು ಅಕ್ಕ. ನಾನು ಕೇಳಿದೆ. ಅವನಿಗೆ ನಗು ಬಂತು. ತಲೆಯಾಡಿಸಿ, ಇನ್ನೊಂದು ಕಟ್ಟಿಗೆ ಕೈ ಹಾಕಿದ.